ಕುಡಿತದ ಚಿಕಿತ್ಸೆ: ಹತ್ತು ದಿನ ಸಾಲದು, ವರ್ಷ ಬೇಕು

"ಮೂರು ಸಲ ಅಡ್ಮಿಟ್ ಮಾಡಿದ್ದಾಯ್ತು ಡಾಕ್ಟ್ರೇ. ಒಡವೆ ಅಡವಿಟ್ಟ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಇನ್ನು ನಮ್ಮ ಹಣೆಬರಹ." ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ, ಎಲ್ಲಿಯೇ ಆಗಲಿ, ಸಾಮಾನ್ಯ ವೈದ್ಯನ ಮುಂದೆ ಈ ಮಾತನ್ನು ಹೇಳುವ ಹೆಂಗಸರು ವಾರಕ್ಕೊಬ್ಬರಾದರೂ ಬರುತ್ತಾರೆ. ಬಂದದ್ದು ತಮ್ಮ ತಲೆನೋವಿಗೋ ಮಗುವಿನ ಕೆಮ್ಮಿಗೋ ಇರುತ್ತದೆ. ಚೀಟಿ ಬರೆಸಿಕೊಂಡು ಏಳುವ ಹೊತ್ತಿಗೆ ಗಂಡನ ವಿಷಯ ಬಾಯಿಗೆ ಬರುತ್ತದೆ.

ಅವರನ್ನು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಒಂದು, ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು? "ಹತ್ತು ದಿನ" ಎಂದೋ "ಹದಿನೈದು ದಿನ" ಎಂದೋ ಉತ್ತರ ಬರುತ್ತದೆ. ಇನ್ನೊಂದು, ಮನೆಗೆ ಬಂದ ಮೇಲೆ ಎಷ್ಟು ಸಲ ಹೋಗಿ ತೋರಿಸಿದಿರಿ? ಇದಕ್ಕೆ ಹೆಚ್ಚಿನವರ ಉತ್ತರ ಒಂದೇ: "ಚೆನ್ನಾಗಿಯೇ ಇದ್ದರಲ್ಲ, ಯಾಕೆ ಹೋಗಬೇಕು?" ಮೂರು ಸಲ ಚಿಕಿತ್ಸೆ ಕೊಡಿಸಿದೆವು ಎಂದು ಆ ಮನೆಯವರು ತಿಳಿದಿದ್ದಾರೆ. ವೈದ್ಯರ ಲೆಕ್ಕದಲ್ಲಿ ಚಿಕಿತ್ಸೆಯ ಮೊದಲ ಅಧ್ಯಾಯವನ್ನೇ ಮೂರು ಸಲ ಓದಿ ಪುಸ್ತಕ ಮುಚ್ಚಿದ್ದಾರೆ. ಮುಂದಿನ ಅಧ್ಯಾಯಗಳಲ್ಲಿ ಏನಿದೆ ಎಂಬುದನ್ನು ಈ ವಾರ ನೋಡೋಣ.

ಮಾಲೆ ಹಾಕಿದಾಗ ಬಿಟ್ಟವರು

ನಮ್ಮ ಕಡೆ ಎಲ್ಲರೂ ಕಂಡಿರುವ ಒಂದು ಸಂಗತಿಯಿಂದಲೇ ಹೊರಡುವುದು ಒಳ್ಳೆಯದು. ಕಾರ್ತಿಕದ ಚಳಿ ಶುರುವಾಗುತ್ತಿದ್ದಂತೆ ಬೀದಿಗೆ ನಾಲ್ಕಾರು ಜನ ಅಯ್ಯಪ್ಪಸ್ವಾಮಿ ಮಾಲೆ ಹಾಕುತ್ತಾರೆ. ವರ್ಷವಿಡೀ ಸಂಜೆಯಾದರೆ ಅಂಗಡಿ ಮುಂದೆ ನಿಲ್ಲುತ್ತಿದ್ದವರೂ ಕಪ್ಪು ಪಂಚೆ ಉಟ್ಟು, ತಣ್ಣೀರಲ್ಲಿ ಮಿಂದು, ನಲವತ್ತೊಂದು ದಿನ ಒಂದು ತೊಟ್ಟೂ ಮುಟ್ಟದೆ ಇರುತ್ತಾರೆ. ಹೆಂಡತಿ ಮಕ್ಕಳಿಗೆ ಅದೇ ಹಬ್ಬ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಸಂಜೆಯೋ ಮಾರನೆಯ ದಿನವೋ ಕೆಲವರು ಮತ್ತೆ ಅದೇ ಅಂಗಡಿಯ ಮುಂದೆ ಇರುತ್ತಾರೆ. ಆಗ ಮನೆಯವರು ಹೇಳುವ ಮಾತು: "ಸ್ವಾಮಿಗಾದರೆ ಬಿಡ್ತಾನೆ, ನಮಗೋಸ್ಕರ ಬಿಡೋದಿಲ್ಲ. ಕೊಬ್ಬು."

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನಿಲ್ಲಿಸುವ ಶಕ್ತಿ ಆತನಿಗಿದೆ ಎಂಬುದು ನಿಜ. ಆದರೆ ಆ ನಲವತ್ತೊಂದು ದಿನ ಆತನಿಗೆ ಏನೇನಿತ್ತು ಎಂದು ಯೋಚಿಸಿ. ಬೆಳಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಮಾಡಬೇಕಾದ ಪೂಜೆಯಿತ್ತು. ಜೊತೆಗೆ ಭಜನೆ ಹೇಳುವ ಗುಂಪಿತ್ತು. ದಾರಿ ತೋರುವ ಗುರುಸ್ವಾಮಿ ಇದ್ದರು. ಊರಿನವರು "ಸ್ವಾಮಿ" ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಕುಡಿಯುವ ಗೆಳೆಯರು ತಾವಾಗಿಯೇ ದೂರ ಸರಿದಿದ್ದರು. ಮಾಲೆ ತೆಗೆದ ದಿನ ಇವೆಲ್ಲ ಒಟ್ಟಿಗೆ ಹೋದವು. ದೀರ್ಘಕಾಲದ ವ್ಯಸನ ಚಿಕಿತ್ಸೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ: ಈ ಬಗೆಯ ಊರೆಗೋಲುಗಳನ್ನು ನಲವತ್ತೊಂದನೇ ದಿನಕ್ಕೆ ಕಿತ್ತುಕೊಳ್ಳದೆ, ಕಾಲಿಗೆ ಬಲ ಬರುವವರೆಗೆ ಉಳಿಸುವುದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಲೆಂದು ಕುಡಿಯುವ ಸ್ಥಿತಿ ತಲುಪಿದವರು ಮಾಲೆಗಾಗಲಿ, ಹರಕೆಗಾಗಲಿ, ದೇವರ ಮುಂದಿನ ಆಣೆಗಾಗಲಿ ಥಟ್ಟನೆ ನಿಲ್ಲಿಸುವುದು ಅಪಾಯ. ಅದಕ್ಕೆ ಕಾರಣ ಮುಂದಿದೆ.

ಮೊದಲ ವಾರದ ಕೆಲಸ

ವರ್ಷಗಟ್ಟಲೆ ದಿನವೂ ಮದ್ಯ ಬೀಳುತ್ತಿದ್ದರೆ ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಮದ್ಯ ಮಿದುಳನ್ನು ಮಂಕಾಗಿಸುವ ವಸ್ತು. ಆ ಮಂಕನ್ನು ಮೀರಿ ಕೆಲಸ ಮಾಡಲು ಮಿದುಳು ತನ್ನ ಉದ್ರೇಕವನ್ನು ಸದಾ ಏರಿಸಿಟ್ಟುಕೊಂಡಿರುತ್ತದೆ. ಒಂದು ದಿನ ಮದ್ಯ ನಿಂತಿತು ಎನ್ನಿ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಹಗ್ಗ ಬಿಟ್ಟಂತೆ ಆಗುತ್ತದೆ. ಆರರಿಂದ ಹನ್ನೆರಡು ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ಎದೆ ಡವಡವ, ನಿದ್ದೆಯಿಲ್ಲದ ರಾತ್ರಿ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಇನ್ನು ಕೆಲವರಿಗೆ ಬುದ್ಧಿಭ್ರಮೆ: ಗೋಡೆಯ ಮೇಲೆ ಹುಳು ಹರಿದಂತೆ ಕಾಣುವುದು, ಹೆಂಡತಿಯ ಗುರುತು ಸಿಗದಿರುವುದು, ಯಾರೋ ಹೊಡೆಯಲು ಬಂದರೆಂದು ಓಡುವುದು. "ಗಾಳಿ ಸೋಕಿದೆ" ಎಂದು ಯಂತ್ರ ಕಟ್ಟಿಸಲು ಕರೆದುಕೊಂಡು ಹೋಗುವುದು ಇಂಥ ಹೊತ್ತಿನಲ್ಲಿಯೇ. ಚಿಕಿತ್ಸೆಯಿಲ್ಲದಿದ್ದರೆ ಈ ಸ್ಥಿತಿಯಲ್ಲಿ ಜೀವ ಹೋಗಬಹುದು.

ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಲೋರಾಜೆಪಾಮ್ ಜಾತಿಯ ಔಷಧಿಗಳನ್ನು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ-1 ಜೀವಸತ್ವದ ಇಂಜೆಕ್ಷನ್. ಕುಡಿತಕ್ಕೆ ಬಿದ್ದವರು ಸರಿಯಾಗಿ ಉಣ್ಣದೆ ಈ ಜೀವಸತ್ವ ಬರಿದಾಗಿರುತ್ತದೆ. "ಸುಸ್ತಾಗಿದ್ದಾನೆ, ಒಂದು ಬಾಟಲಿ ಗ್ಲೂಕೋಸ್ ಏರಿಸಿಬಿಡಿ ಸಾರ್" ಎನ್ನುವುದು ನಮ್ಮ ಕಡೆಯ ರೂಢಿ. ಇಂಥವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಧಕ್ಕೆಯಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಆದ್ದರಿಂದ ಯಾವ ಕ್ಲಿನಿಕ್ಕಿಗೆ ಹೋದರೂ ಕುಡಿತದ ವಿಷಯ ಮುಚ್ಚಿಡಬೇಡಿ. ಮರ್ಯಾದೆ ಆಮೇಲೆ ನೋಡಿಕೊಳ್ಳೋಣ.

ಐದರಿಂದ ಹತ್ತು ದಿನಗಳಲ್ಲಿ ಈ ಹಂತ ಮುಗಿಯುತ್ತದೆ. ಮುಖ ಕಳೆಯೇರುತ್ತದೆ, ಊಟ ಸೇರುತ್ತದೆ, ಮಾತು ನೆಟ್ಟಗಾಗುತ್ತದೆ. ಮನೆಯವರು ಕಣ್ಣಲ್ಲಿ ನೀರು ತುಂಬಿಕೊಂಡು "ಗುಣವಾಯಿತು" ಎಂದು ಕರೆದುಕೊಂಡು ಹೋಗುತ್ತಾರೆ. ಆದದ್ದು ಇಷ್ಟೇ: ಮೈಯಲ್ಲಿದ್ದ ಮದ್ಯ ಇಳಿಯಿತು, ಅದು ಇಳಿಯುವಾಗ ಜೀವಕ್ಕೆ ಅಪಾಯವಾಗಲಿಲ್ಲ.

ಆಮೇಲಿನದು

ನಮ್ಮ ಜಿಲ್ಲೆಯವರಿಗೆ ರೇಷ್ಮೆ ಹುಳುವಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಚಾಕಿ ಸಾಕಾಣಿಕೆ ಚೆನ್ನಾಗಾಯಿತು, ಹುಳು ಎರಡು ಜ್ವರ ದಾಟಿ ಚುರುಕಾಗಿವೆ ಎಂದು ಯಾವ ಬೆಳೆಗಾರನೂ ಸೊಪ್ಪು ಹಾಕುವುದನ್ನು ನಿಲ್ಲಿಸುವುದಿಲ್ಲ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೇಕಾಗುವುದು ನಾಲ್ಕನೇ ಜ್ವರ ಎದ್ದ ಮೇಲೆ. ಚಾಕಿ ಕೆಟ್ಟರೆ ಬೆಳೆಯಿಲ್ಲ, ಸರಿ. ಚಾಕಿ ಒಂದನ್ನೇ ನಂಬಿಕೊಂಡರೆ ಚಂದ್ರಿಕೆಗೆ ಏರಿಸಲು ಹುಳುವೇ ಉಳಿಯುವುದಿಲ್ಲ. ವಾರ್ಡಿನ ಹತ್ತು ದಿನ ಚಾಕಿಯಿದ್ದ ಹಾಗೆ.

ಮದ್ಯ ನಿಂತ ಕೆಲವೇ ವಾರಗಳಲ್ಲಿ ಕೊಬ್ಬು ತುಂಬಿದ ಲಿವರ್ ಎಷ್ಟೋ ಮಟ್ಟಿಗೆ ಸುಧಾರಿಸುತ್ತದೆ. ರಕ್ತ ಪರೀಕ್ಷೆಯಲ್ಲಿ ಅದು ಕಾಣುತ್ತದೆ. ಮಿದುಳು ಅಷ್ಟು ಬೇಗ ಸುಧಾರಿಸುವುದಿಲ್ಲ. ನಿದ್ದೆ ಹದಕ್ಕೆ ಬರಲು ತಿಂಗಳುಗಳೇ ಬೇಕು. ಸಿಟ್ಟು, ಚಡಪಡಿಕೆ, ಯಾವುದರಲ್ಲೂ ಸುಖವಿಲ್ಲದ ಸಪ್ಪೆತನ, ನೆನಪು ಮತ್ತು ಗಮನದ ಕೊರತೆ, ಇವು ಒಂದೊಂದಾಗಿ ಸರಿಯಾಗುತ್ತ ಹೋಗಲು ಆರು ತಿಂಗಳು, ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಸುಖ ಎಂದರೆ ಮದ್ಯ ಎಂದು ಕಲಿತ ಮಿದುಳಿಗೆ ಹಳೆಯ ಪಾಠ ಮರೆಯುವುದಿಲ್ಲ. ಅದರ ಮೇಲೆ ಹೊಸ ಪಾಠ ಬರೆಯಬೇಕು.

ಹಳೆಯ ಪಾಠವನ್ನು ನೆನಪಿಸುವ ಸಂಗತಿಗಳು ನಮ್ಮ ಊರಿನಲ್ಲಿ ಹೆಜ್ಜೆಗೊಂದು. ನೂಲು ಬಿಚ್ಚುವ ಘಟಕದಲ್ಲಿ ಬೆಂದ ಗೂಡಿನ ವಾಸನೆ ತಡೆಯಲಾಗದೆ ಕುಡಿಯಲು ಕಲಿತೆ ಎನ್ನುವವರಿದ್ದಾರೆ; ಅವರಿಗೆ ಆ ವಾಸನೆಯೇ ನಾಲಗೆಯನ್ನು ಎಳೆಯುತ್ತದೆ. ಕಲ್ಲು ಕೆಲಸದವರಿಗೆ ಶನಿವಾರದ ಬಟವಾಡೆ. ಗೂಡಿಗೆ ಒಳ್ಳೆಯ ರೇಟು ಸಿಕ್ಕ ರೈತನಿಗೆ ಮಾರುಕಟ್ಟೆಯಿಂದ ಬಸ್ ನಿಲ್ದಾಣದವರೆಗಿನ ದಾರಿ. ರೇಟು ಸಿಗದಿದ್ದರೂ ಅದೇ ದಾರಿ! ಯುಗಾದಿಯ ಮಾರನೆಯ ದಿನದ ಹೊಸತೊಡಕು, ಆಷಾಢದ ಕರಗ, ಬೀಗರೂಟ, ತಿಥಿ, ಚುನಾವಣೆ. ಬಿಟ್ಟ ಮೇಲಿನ ಮೊದಲ ವರ್ಷದಲ್ಲಿ ಇವೆಲ್ಲ ಒಂದೊಂದು ಸಲವಾದರೂ ಎದುರಾಗುತ್ತವೆ. ಒಂದು ವರ್ಷ ಎಂದು ನಾವು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಹೊಸತೊಡಕಿನ ದಿನ ಬಾಡೂಟ ಉಂಡು, ಲೋಟ ಮುಟ್ಟದೆ ಎದ್ದು ಬರುವುದು ಹೇಗೆಂಬುದನ್ನು ವಾರ್ಡಿನ ಮಂಚದ ಮೇಲೆ ಮಲಗಿ ಕಲಿಯಲು ಆಗುವುದಿಲ್ಲ.

ಮನೋವೈದ್ಯರ ಗ್ರಂಥಗಳೂ 12 ತಿಂಗಳು ವ್ಯಸನದ ಲಕ್ಷಣಗಳಿಲ್ಲದೆ ಕಳೆದ ಮೇಲೆಯೇ ಸ್ಥಿರವಾದ ಚೇತರಿಕೆ ಎಂದು ಕರೆಯುತ್ತವೆ. ಅಮೆರಿಕದ ಹಾರ್ವರ್ಡಿನ ಜಾರ್ಜ್ ವೇಲಂಟ್ ಎಂಬ ಮನೋವೈದ್ಯರು ಕುಡುಕರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದಾಗ, ಐದು ವರ್ಷ ಮುಟ್ಟದೆ ಉಳಿದವರು ಮತ್ತೆ ಬೀಳುವುದು ವಿರಳ ಎಂದು ಕಂಡರು. ಮೊದಲ ಮೂರು ತಿಂಗಳು ಅತ್ಯಂತ ಜಾರುವ ನೆಲ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಚಿಕಿತ್ಸೆಯಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ವ್ಯಸನಗಳ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆಯ ಅಭಿಪ್ರಾಯವೂ ಹೌದು.

ಬಿ.ಪಿ.ಗೆ ಒಂದು ನ್ಯಾಯ, ಕುಡಿತಕ್ಕೆ ಒಂದು ನ್ಯಾಯ

ನಿಮ್ಮ ಮಾವನವರಿಗೆ ಬಿ.ಪಿ. ಇದೆ ಎನ್ನಿ. ಮಾತ್ರೆ ತೆಗೆದುಕೊಳ್ಳುತ್ತಾ 130ಕ್ಕೆ ಬಂತು. ಚೆನ್ನಾಗಿದ್ದೇನಲ್ಲ ಎಂದು ಅವರು ಮಾತ್ರೆ ಬಿಟ್ಟರು, ಎರಡು ತಿಂಗಳಿಗೆ ಮತ್ತೆ 180 ಆಯಿತು. ಮಾತ್ರೆ ಕೆಲಸ ಮಾಡಲಿಲ್ಲ ಎಂದು ಯಾರೂ ಹೇಳುವುದಿಲ್ಲ; ಮಾತ್ರೆ ಬಿಟ್ಟದ್ದಕ್ಕೆ ಬಯ್ಯುತ್ತಾರೆ. ಕುಡಿತದ ರೋಗಿ ಚಿಕಿತ್ಸೆ ನಿಲ್ಲಿಸಿ ಎರಡು ತಿಂಗಳಿಗೆ ಮತ್ತೆ ಕುಡಿದರೆ "ಚಿಕಿತ್ಸೆ ದಂಡ" ಎನ್ನುತ್ತೇವೆ.

ಈ ಹೋಲಿಕೆ ನನ್ನದಲ್ಲ. 2000ದಲ್ಲಿ ಮೆಕ್‌ಲೆಲನ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವ್ಯಸನವನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾಗಳ ಪಕ್ಕದಲ್ಲಿಟ್ಟು ತೂಗಿದರು. ಚಿಕಿತ್ಸೆ ಮುಗಿದ ಒಂದು ವರ್ಷದೊಳಗೆ ವ್ಯಸನಿಗಳಲ್ಲಿ ನೂರಕ್ಕೆ 40ರಿಂದ 60 ಜನರಿಗೆ ಕಾಯಿಲೆ ಮರುಕಳಿಸುತ್ತದೆ. ರಕ್ತದೊತ್ತಡ ಮತ್ತು ಅಸ್ತಮಾ ರೋಗಿಗಳಲ್ಲಿ ಮತ್ತೆ ಕಾಯಿಲೆ ಉಲ್ಬಣಿಸುವವರು 50ರಿಂದ 70. ಬಿ.ಪಿ., ಸಕ್ಕರೆ ಕಾಯಿಲೆಗಳಿಗೆ ಚಿಕಿತ್ಸೆ ಮುಂದುವರಿಸಿದ ಹಾಗೆಯೇ ಇದಕ್ಕೂ ಮುಂದುವರಿಸಿ, ಫಲವನ್ನೂ ಹಾಗೆಯೇ ಅಳೆಯಿರಿ ಎಂಬುದು ಅವರ ವಾದ. ಕಾಲು ಶತಮಾನ ಕಳೆದರೂ ನಮ್ಮ ಮನೆಗಳಿಗೆ ಈ ಮಾತು ಇನ್ನೂ ಬಂದು ಮುಟ್ಟಿಲ್ಲ.

ದೂರ ಎಂಬ ಶತ್ರು

ನಮ್ಮ ಪಕ್ಕದ ಬೆಂಗಳೂರಿನಲ್ಲಿಯೇ ನಡೆದ ಒಂದು ಕೆಲಸವನ್ನು ಓದುಗರಿಗೆ ತಿಳಿಸಬೇಕು. ನಿಮ್ಹಾನ್ಸ್‌ನ ಡಾ. ಪ್ರತಿಮಾ ಮೂರ್ತಿ ಮತ್ತು ಸಹೋದ್ಯೋಗಿಗಳು 2009ರಲ್ಲಿ ಅದನ್ನು ಪ್ರಕಟಿಸಿದರು. ನಗರದ ಬಡವರ ಬಡಾವಣೆಯಿಂದ ಬಂದು ವಾರ್ಡಿನಲ್ಲಿ ಚಿಕಿತ್ಸೆ ಪಡೆದು ಮನೆಗೆ ಹೋದ ಮದ್ಯವ್ಯಸನಿಗಳಲ್ಲಿ ಒಂದು ಗುಂಪಿಗೆ ಅವರ ಬಡಾವಣೆಯಲ್ಲಿಯೇ ವಾರಕ್ಕೊಮ್ಮೆ, ಒಂದು ವರ್ಷ ಕಾಲ ಮುಂದುವರಿದ ಚಿಕಿತ್ಸೆ ಸಿಗುವಂತೆ ಮಾಡಿದರು. ಇನ್ನೊಂದು ಗುಂಪಿಗೆ ಎಂದಿನಂತೆ ಆಸ್ಪತ್ರೆಗೆ ಬಂದು ತೋರಿಸಿಕೊಳ್ಳಲು ಹೇಳಿದರು. ವರ್ಷದುದ್ದಕ್ಕೂ ನೋಡಿದಾಗ ಮೊದಲ ಗುಂಪಿನವರು ಕುಡಿದ ದಿನಗಳು ಕಡಿಮೆ, ಮನೆಯ ಜಗಳ ಹಣಕಾಸಿನ ತಾಪತ್ರಯಗಳೂ ಕಡಿಮೆ. ವಾರ್ಡಿನ ಚಿಕಿತ್ಸೆ ಇಬ್ಬರಿಗೂ ಸಿಕ್ಕಿತ್ತು. ಆಮೇಲಿನ ವರ್ಷ ಬೇರೆಯಾಗಿತ್ತು.

ಇದರಿಂದ ನಮ್ಮ ಊರಿನವರು ಕಲಿಯಬೇಕಾದದ್ದಿದೆ. ರಾಮನಗರದಿಂದ ನಿಮ್ಹಾನ್ಸ್ ಸುಮಾರು 50 ಕಿ.ಮೀ. ಮೊದಲ ಸಲ ಅಣ್ಣತಮ್ಮಂದಿರು, ಭಾವಮೈದ, ಎಲ್ಲ ಸೇರಿ ಕಾರು ಮಾಡಿಕೊಂಡು ಹೋಗುತ್ತಾರೆ. ಎರಡನೇ ಸಲಕ್ಕೆ ರೋಗಿ ಮತ್ತು ಹೆಂಡತಿ ರೈಲಿನಲ್ಲಿ. ಮೂರನೇ ಸಲಕ್ಕೆ ಕೂಲಿ ಹೋಗುತ್ತದೆ ಎಂದು ತಪ್ಪಿಸುತ್ತಾರೆ. ಪ್ರತಿ ಭೇಟಿಗೂ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಅಲ್ಲಿ ಶುರುವಾದ ಚಿಕಿತ್ಸೆಯನ್ನು ಇಲ್ಲಿ ಮುಂದುವರಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆತರಲೆಂದೇ ಆದದ್ದು. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ನಿಮ್ಮ ಬೀದಿಯ ವೈದ್ಯರೂ ಬಿ.ಪಿ. ನೋಡಿ, ತೂಕ ನೋಡಿ, ಲಿವರ್ ಪರೀಕ್ಷೆ ಬರೆದು, "ಹೇಗಿದ್ದೀಯಪ್ಪ, ಈ ವಾರ ಆಸೆ ಎಷ್ಟಿತ್ತು?" ಎಂದು ಕೇಳಬಲ್ಲರು. ಇಷ್ಟಕ್ಕೆ ದೊಡ್ಡ ಡಿಗ್ರಿ ಬೇಕಾಗಿಲ್ಲ.

ಎಷ್ಟು ಜನಕ್ಕೆ ಇದು ಸಿಗುತ್ತಿದೆ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯದ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಸಿಕ್ಕವರು 180 ಜನರಲ್ಲಿ ಒಬ್ಬರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಎಷ್ಟೋ ಜನ ಅಗ್ಗದ ವಿಸ್ಕಿಯ 'ನೈಂಟಿ'ಗೆ ಬದಲಾಯಿಸಿಕೊಂಡರು. ಅಂಗಡಿ ಮುಚ್ಚಿದಷ್ಟು ಸುಲಭವಾಗಿ ಕಾಯಿಲೆ ಮುಚ್ಚುವುದಿಲ್ಲ.

ಮಾತ್ರೆಗಳ ವಿಷಯ

ಕುಡಿಯುವ ಆಸೆಯನ್ನು ತಗ್ಗಿಸುವ ಔಷಧಿಗಳಿವೆ ಎಂಬುದೇ ಬಹಳ ಮನೆಗಳಿಗೆ ಗೊತ್ತಿಲ್ಲ. ನಾಲ್ಟ್ರೆಕ್ಸೋನ್ ಎಂಬುದು ಕುಡಿತದಿಂದ ಸಿಗುವ ಮಜವನ್ನೇ ಮಂಕುಮಾಡುತ್ತದೆ. 1994ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮಾನ್ಯತೆ ಸಿಕ್ಕಿತು. ಅಕಾಂಪ್ರೊಸೇಟ್ ಬಿಟ್ಟ ಮೇಲಿನ ಚಡಪಡಿಕೆಯನ್ನು ತಗ್ಗಿಸುತ್ತದೆ. ಲಿವರ್ ತೀರಾ ಕೆಟ್ಟವರಿಗೆ ಬ್ಯಾಕ್ಲೊಫೆನ್ ಯೋಚಿಸುತ್ತಾರೆ. ಇವನ್ನು ಆರು ತಿಂಗಳಿಂದ ಒಂದು ವರ್ಷದವರೆಗೆ, ಬೇಕಾದರೆ ಅದಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳಬೇಕಾಗುತ್ತದೆ. ಒಂದು ಸ್ಟ್ರಿಪ್ ನುಂಗಿ "ಪರವಾಗಿಲ್ಲ" ಎಂದು ಬಿಡುವಂಥವಲ್ಲ. ಯಾರಿಗೆ ಯಾವುದು ಎಂಬುದನ್ನು ಲಿವರ್, ಮೂತ್ರಪಿಂಡ ನೋಡಿ ವೈದ್ಯರೇ ತೀರ್ಮಾನಿಸಬೇಕು. ಮೊದಲ ವಾರದಲ್ಲಿ ಕೊಟ್ಟ ನಿದ್ದೆಯ ಮಾತ್ರೆಗಳನ್ನು ಮಾತ್ರ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತರುತ್ತಲೇ ಇರಬಾರದು. ಅವೇ ಇನ್ನೊಂದು ಚಟವಾಗುತ್ತವೆ.

ಡೈಸಲ್ಫಿರಾಮ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಾರಣ, ನಮ್ಮ ಕಡೆ ಅತಿ ಹೆಚ್ಚು ದುರುಪಯೋಗವಾಗುವ ಔಷಧಿ ಇದು. 1948ರಲ್ಲಿ ಡೆನ್ಮಾರ್ಕಿನಲ್ಲಿ ಕುಡಿತದ ಚಿಕಿತ್ಸೆಗೆ ಬಂದದ್ದು. ಈ ಮಾತ್ರೆ ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಆ ಭಯದಿಂದಲೇ ಅದು ಕೆಲಸ ಮಾಡುವುದು. ಭಯ ಇರಬೇಕಾದರೆ ರೋಗಿಗೆ ಗೊತ್ತಿರಬೇಕಲ್ಲವೆ? "ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತು ನೋಡಿ, ಪುಡಿ ತರಿಸಿ ಸಾರಿನಲ್ಲಿ ಬೆರೆಸುವ ತಾಯಂದಿರಿದ್ದಾರೆ. ಪುಡಿಯಲ್ಲಿ ಏನಿದೆ ಎಂದು ಬೆರೆಸಿದವರಿಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಇದ್ದರೆ, ತಿಳಿಯದೆ ಕುಡಿದ ಮಗ, ಅದರಲ್ಲೂ ಹೃದಯದ ತೊಂದರೆ ಇರುವವನು, ಪ್ರಾಣ ಕಳೆದುಕೊಳ್ಳಬಹುದು. ದಯವಿಟ್ಟು ಮಾಡಬೇಡಿ.

ಅದೇ ಔಷಧಿ ಗೊತ್ತಿದ್ದು, ಒಪ್ಪಿ, ಮನೆಯವರ ಕಣ್ಣೆದುರು ತೆಗೆದುಕೊಂಡರೆ ಎಷ್ಟು ಉಪಯುಕ್ತ ಎಂಬುದಕ್ಕೆ ಮುಂಬಯಿಯ ಒಂದು ಅಧ್ಯಯನವಿದೆ. 2004ರಲ್ಲಿ ಪ್ರಕಟವಾದ ಅದರಲ್ಲಿ ಮನೆಯವರ ಬೆಂಬಲವಿದ್ದ ನೂರು ಗಂಡಸರನ್ನು ಒಂದು ವರ್ಷ ನೋಡಿದರು. ಡೈಸಲ್ಫಿರಾಮ್ ತೆಗೆದುಕೊಂಡವರಲ್ಲಿ ಶೇ. 86 ಜನ, ನಾಲ್ಟ್ರೆಕ್ಸೋನ್ ತೆಗೆದುಕೊಂಡವರಲ್ಲಿ ಶೇ. 44 ಜನ ವರ್ಷದ ಕೊನೆಗೆ ಕುಡಿತದಿಂದ ದೂರ ಉಳಿದಿದ್ದರು. ಮದುವೆಯಾಗದೆ ಒಂಟಿಯಾಗಿರುವವರಿಗೆ, ಮನೆಯವರು ಕೈಬಿಟ್ಟವರಿಗೆ ಇದೇ ಫಲ ಸಿಗುತ್ತದೆಂದು ಹೇಳಲಾಗದು. ಬೆಳಗ್ಗೆ ಕಾಫಿ ಜೊತೆ ಮಾತ್ರೆ ಕೈಗಿಟ್ಟು "ತಗೊಳ್ರೀ" ಎನ್ನುವ ಒಬ್ಬರು ಇದ್ದದ್ದೇ ಅಲ್ಲಿನ ಅರ್ಧ ಔಷಧಿ ಎಂದು ನನಗನ್ನಿಸುತ್ತದೆ.

ಈ ಮಾತ್ರೆಯ ಪ್ರಭಾವ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇರಬಹುದು. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್, ಟಾನಿಕ್ ಮತ್ತು ಆಯುರ್ವೇದದ ಆಸವ ಅರಿಷ್ಟಗಳಿಂದಲೂ ತೊಂದರೆಯಾಗಬಹುದು. ದ್ರಾಕ್ಷಾರಿಷ್ಟ "ಮದ್ದು" ಅಲ್ಲವೆ ಎಂದು ಕುಡಿದು ಬಂದವರಿದ್ದಾರೆ.

ಇದಿಷ್ಟೂ ಮದ್ಯದ ಮಾತು. ನೋವಿನ ಮಾತ್ರೆ, ಇಂಜೆಕ್ಷನ್, ಬ್ರೌನ್ ಶುಗರ್ ಕಡೆ ಹೋದ ಹುಡುಗರ ವಿಷಯದಲ್ಲಿ ಅಲ್ಪಾವಧಿಯ ಚಿಕಿತ್ಸೆ ಇನ್ನೂ ಅಪಾಯಕಾರಿ. ಕೆಲವು ವಾರ ಬಿಟ್ಟವನ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಹೋಗಿರುತ್ತದೆ. ಮನೆಗೆ ಬಂದು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅವರಿಗೆ ಬ್ಯುಪ್ರೆನಾರ್ಫಿನ್‌ನಂಥ ಔಷಧಿಯನ್ನು ತಜ್ಞರ ಉಸ್ತುವಾರಿಯಲ್ಲಿ ವರ್ಷಗಳ ಕಾಲ ಕೊಡುವುದುಂಟು. ಅದನ್ನು "ಒಂದು ಚಟಕ್ಕೆ ಇನ್ನೊಂದು ಚಟ" ಎಂದು ಹಳಿದು ನಿಲ್ಲಿಸಬೇಡಿ.

ಜೊತೆಗಾರರು

ಮಾತ್ರೆ ಒಂದರಿಂದ ಆಗದು. ಆಪ್ತಸಮಾಲೋಚನೆಯಲ್ಲಿ ರೋಗಿ ತನ್ನ ಅಪಾಯದ ಗಳಿಗೆಗಳನ್ನು ಗುರುತಿಸಿ ಮೊದಲೇ ಉತ್ತರ ಸಿದ್ಧಪಡಿಸಿಕೊಳ್ಳುತ್ತಾನೆ. ಬಟವಾಡೆಯ ದಿನ ಹೆಂಡತಿಯೋ ತಮ್ಮನೋ ಕೆಲಸದ ಜಾಗಕ್ಕೇ ಬಂದು ಜೊತೆಯಲ್ಲಿ ಮನೆಗೆ ಹೋಗುವುದು, ಸಂಜೆ ಆರರಿಂದ ಎಂಟರವರೆಗೆ ಹೊಟ್ಟೆ ತುಂಬ ತಿಂದು ಏನಾದರೂ ಕೆಲಸ ಹಚ್ಚಿಕೊಳ್ಳುವುದು, "ಡಾಕ್ಟರು ಲಿವರ್ ಹೋಗಿದೆ ಅಂದಿದ್ದಾರೆ" ಎಂದು ಗೆಳೆಯರಿಗೆ ನಾಲ್ಕೇ ಪದದಲ್ಲಿ ಹೇಳಿ ಎದ್ದು ಬರುವುದು. ಕೇಳಲು ಸಣ್ಣ ಸಂಗತಿಗಳು. ವರ್ಷ ದಾಟಿಸುವುದು ಇವೇ.

1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಅವರಲ್ಲೊಬ್ಬರು ವೈದ್ಯರು, ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ 1957ರಲ್ಲಿ ಭಾರತಕ್ಕೆ ಬಂತು. ಹೆಸರು ಹೇಳಬೇಕಾಗಿಲ್ಲ, ಶುಲ್ಕವಿಲ್ಲ, ಇವತ್ತೊಂದು ದಿನ ಕುಡಿಯುವುದಿಲ್ಲ ಎಂಬ ಲೆಕ್ಕ. ವರ್ಷಗಳ ನಂತರವೂ ಸಭೆಗೆ ಬರುವವರಿದ್ದಾರೆ. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಬಳಗವಿದೆ. ನಮ್ಮ ಹಳ್ಳಿಗಳಿಗೆ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರ. ಸುಮಾರು ಒಂದು ವಾರ ಊರಿನಲ್ಲಿಯೇ, ಊರಿನವರ ಸಹಕಾರದಿಂದ ನಡೆಯುತ್ತದೆ. ಆ ಶಿಬಿರಗಳಲ್ಲಿ ಜನ ಗಮನಿಸದ ಒಂದು ಒಳ್ಳೆಯ ಅಂಶವೆಂದರೆ ಮುಗಿದ ಮೇಲೆ ರಚಿಸುವ ನವಜೀವನ ಸಮಿತಿ. ಬಿಟ್ಟವರು ಆಗಾಗ ಕಲೆತು ಮಾತಾಡಿಕೊಳ್ಳುವ ಕೂಟ ಅದು. ಸಮಾರೋಪದ ದಿನದ ಹಾರ, ಫೋಟೊಗಳಿಗಿಂತ ಆ ಸಮಿತಿಯ ಸಭೆ ತಪ್ಪಿಸದಿರುವುದು ಮುಖ್ಯ. ತೀವ್ರ ಕುಡಿತವಿದ್ದು ಹಿಂದೆ ಫಿಟ್ಸ್ ಬಂದವರು ಶಿಬಿರಕ್ಕೆ ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ.

ಒಂದು ದಿನ ಜಾರಿದರೆ

ಐದು ತಿಂಗಳು ಚೆನ್ನಾಗಿದ್ದು ಒಂದು ರಾತ್ರಿ ಕುಡಿದು ಬಂದರು. ಈಗ ಮನೆಯಲ್ಲಿ ಏನಾಗುತ್ತದೆ? ಕೂಗಾಟ, ಅಳು, "ನಿನ್ನ ಬುದ್ಧಿ ಇಷ್ಟೇ" ಎಂಬ ಮಾತು, ಹೆಂಡತಿ ತವರಿಗೆ. ಅವನೂ "ಹೇಗೂ ಹೋಯಿತಲ್ಲ" ಎಂದು ಎರಡನೇ ದಿನ, ಮೂರನೇ ದಿನ ಕುಡಿಯುತ್ತಾನೆ. ಜಾರಿದ್ದು ಬಿದ್ದದ್ದಾಗುವುದು ಆ ಎರಡು ಮೂರು ದಿನಗಳಲ್ಲಿ.

ಕುಡಿದಿರುವಾಗ ಜಗಳ ಬೇಡ, ಉಪದೇಶವೂ ಬೇಡ. ಬೆಳಗ್ಗೆ ಇಳಿದ ಮೇಲೆ ಒಂದೇ ಮಾತು: "ಇವತ್ತು ಡಾಕ್ಟರ ಹತ್ತಿರ ಹೋಗೋಣ." ನಿಗದಿಯಾದ ತಾರೀಖಿನವರೆಗೆ ಕಾಯಬೇಡಿ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ, ಮಾತ್ರೆ ಯಾವಾಗ ಬಿಟ್ಟದ್ದು ಎಂದು ನೋಡಿದರೆ ಚಿಕಿತ್ಸೆಯ ಯಾವ ಹಗ್ಗ ಸಡಿಲವಾಗಿತ್ತು ಎಂದು ವೈದ್ಯರಿಗೆ ತಿಳಿಯುತ್ತದೆ. ಆ ಐದು ತಿಂಗಳು ಸೊನ್ನೆಯಾಗಿಲ್ಲ. ಐದು ತಿಂಗಳು ಮಕ್ಕಳು ಹೆದರದೆ ಮಲಗಿದ್ದಾರೆ, ಲಿವರ್ ಸುಧಾರಿಸಿದೆ, ಸಂಘದ ಕಂತು ಕಟ್ಟಿದ್ದಾಗಿದೆ.

ಹೊಡೆತ ಬಡಿತವಿದ್ದರೆ ಆ ಮಾತು ಬೇರೆ. ಕಾಯಿಲೆ ಎಂದ ಮಾತ್ರಕ್ಕೆ ಪೆಟ್ಟು ತಿನ್ನಬೇಕೆಂದು ಯಾವ ವೈದ್ಯನೂ ಹೇಳುವುದಿಲ್ಲ. ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗದಲ್ಲಿರಿ. ಹೆಂಡತಿಯ ನಿದ್ದೆ, ರಕ್ತಹೀನತೆ, ಖಿನ್ನತೆಗೂ ಚಿಕಿತ್ಸೆ ಬೇಕು. ಗಂಡನ ತಾರೀಖಿನ ದಿನವೇ ಆಕೆಯೂ ತೋರಿಸಿಕೊಳ್ಳಬಹುದು. ಈ ಕಾಯಿಲೆ ಹೆಂಗಸರಿಗೂ ಬರುತ್ತದೆ. ಮುಚ್ಚಿಡುವುದು ಹೆಚ್ಚಾದ್ದರಿಂದ ಅವರು ಆಸ್ಪತ್ರೆಗೆ ಬರುವಾಗ ತುಂಬ ತಡವಾಗಿರುತ್ತದೆ.

ದೀರ್ಘ ಚಿಕಿತ್ಸೆ ಎಂದರೆ ದೀರ್ಘಕಾಲ ಕೂಡಿಹಾಕುವುದು ಎಂದು ಕೆಲವರು ತಿಳಿದಿದ್ದಾರೆ. ಆರು ತಿಂಗಳು ಮನೆಯವರ ಮುಖ ತೋರಿಸದೆ, ಹೊಡೆದು ಬಡಿದು "ಸರಿಮಾಡುವ" ಜಾಗಗಳಿಗೆ ದುಡ್ಡು ಕಟ್ಟಿ ಬಿಟ್ಟು ಬರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸಮಸ್ಯೆಗಳನ್ನೂ ಒಳಗೊಂಡಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಅದರಲ್ಲಿ ನಿಷಿದ್ಧ. ಇಂಥ ಕೇಂದ್ರಗಳು ನೋಂದಣಿಯಾಗಿರಬೇಕು. ಸೇರಿಸುವ ಮೊದಲು ನೋಂದಣಿ ಪತ್ರ ಕೇಳಿ, ವೈದ್ಯರು ಯಾವಾಗ ಬರುತ್ತಾರೆ ಕೇಳಿ, ಮನೆಯವರು ಯಾವಾಗ ಬಂದು ನೋಡಬಹುದು ಕೇಳಿ, ಬಿಟ್ಟ ಮೇಲಿನ ತಿಂಗಳುಗಳಿಗೆ ಏನು ಏರ್ಪಾಡಿದೆ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಹಣ ಕಟ್ಟಬೇಡಿ.

ಈಗ ಮನೆಯಲ್ಲೊಬ್ಬರು ಬಿಡುಗಡೆಯಾಗಿ ಬಂದಿದ್ದಾರೆ ಎನ್ನಿ. ಡಿಸ್ಚಾರ್ಜ್ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕ್ಯಾಲೆಂಡರ್ ಮೊಳೆಗೆ ತೂಗುಹಾಕಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಮುಂದೆ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಎಂದು ವೈದ್ಯರನ್ನು ಕೇಳಿ ತಾರೀಖುಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೊಸತೊಡಕು, ಕರಗ, ಮನೆಯ ಮದುವೆಗಳ ಹಿಂದಿನ ವಾರದಲ್ಲಿ ಒಂದು ಭೇಟಿ ಬೀಳುವಂತೆ ನೋಡಿಕೊಳ್ಳಿ. ಮಾತ್ರೆ ಮುಗಿಯುವ ಮೂರು ದಿನ ಮೊದಲೇ ತನ್ನಿ. ರಾತ್ರಿ ಹೊತ್ತಿನಲ್ಲಿ ಏನೂ ತೋಚದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಕರೆ ಉಚಿತ.